ಬೆಳ್ಳಿಗೆ ತೊಡಿಸಿದ ಅಂಗಿ

ಟ್ಯಾಲಿನ್, ನವೆಂಬರ್. ಮೂರೂವರೆಗೇ ಕತ್ತಲೆ.
ಹೆಲ್ಸಿಂಕಿಗೆ ಹೊರಟ ಹಡಗು ಒಮ್ಮೆ ಕೂಗಿ ಸುಮ್ಮನಾಯಿತು.
ನಾನು ಝಿನಾಯ್ದಾ, ಇಪ್ಪತ್ತಾರು ವರ್ಷದಿಂದ ಈ ಲ್ಯಾಬಿನಲ್ಲಿ
ಜೀವಕೋಶಗಳಿಗೆ ಊಟ ಹಾಕುವವಳು.
ಪ್ರಬಂಧ ಬರೆಯುವವರು ಬೇರೆ.

ಬಾಟಲಿ ಮೂರು. ಮೂರರಲ್ಲೂ ಒಂದೇ ಬೆಳ್ಳಿ,
ಕೂದಲೆಳೆಯ ಅಗಲಕ್ಕೆ ಸಾಲು ನಿಲ್ಲಿಸಿದರೆ
ನಾಲ್ಕು ಸಾವಿರ ಹಿಡಿಸುವಷ್ಟು ಸಣ್ಣ ಗುಂಡು.
ಬೇರೆ ಇರುವುದು ಅಂಗಿ ಮಾತ್ರ.

ಮೊದಲನೆಯದಕ್ಕೆ ಸಿಟ್ರೇಟ್, ನಿಂಬೆಹುಳಿಯ ತೆಳು ಜುಬ್ಬ.
ಅದರ ಮೈಯೂ ಋಣ, ಕೋಶದ ಮೈಯೂ ಋಣ;
ಸಾಲಗಾರರಿಬ್ಬರು ಬೀದಿಯಲ್ಲಿ ಎದುರಾದ ಹಾಗೆ
ಮುಖ ತಿರುಗಿಸಿಕೊಂಡು ಹೋಗುತ್ತವೆ.
ಎರಡನೆಯದಕ್ಕೆ ಪೆಗ್, ನೀರು ಕುಡಿದು ಉಬ್ಬಿದ ಉದ್ದುದ್ದ ಎಳೆ,
ಯಾರ ಕೈಗೂ ಸಿಗದೆ ಜಾರುವ ಸೋಪಿನ ಬಿಲ್ಲೆ.
ಮೂರನೆಯದಕ್ಕೆ ಕವಲೊಡೆದ ಪಾಲಿಮರು, ತುದಿತುದಿಗೂ ಧನ.
ಧನ ಬಂದರೆ ಯಾರು ಕದ ಹಾಕುತ್ತಾರೆ?
ಪೊರೆ ಎದ್ದು ಅಪ್ಪಿಕೊಳ್ಳುತ್ತದೆ,
ಅಪ್ಪಿದಲ್ಲೇ ಹರಿಯುತ್ತದೆ.

ಪೊರೆಯೆಂದರೆ ಗೋಡೆಯಲ್ಲ.
ಎರಡೆಳೆ ಕೊಬ್ಬು, ಹಾಲಿನ ಮೇಲಿನ ಕೆನೆಯ ಹಾಗೆ ಅಲುಗುವಂಥದ್ದು.
ಪೊರೆಯುತ್ತದೆ, ಅದಕ್ಕೇ ಆ ಹೆಸರು.

ಗುರುವಾರ ತಾವೆತ್ ಸೀರಮ್ ಹಾಕುವುದನ್ನೇ ಮರೆತ,
ಎಳೆಗರುವಿನ ರಕ್ತದ ಆ ಹಳದಿ ತಿಳಿ, ನೂರಕ್ಕೆ ಹತ್ತು ಪಾಲು.
ಬೆಳಗ್ಗೆ ನೋಡಿದರೆ ಮೂರನೆಯ ಸಾಲಿನ ಗುಂಡಿಗಳೆಲ್ಲ ಕೆಂಪು.
ಆ ಬಣ್ಣ ಬದುಕಿದ ಕೋಶದೊಳಕ್ಕೆ ಹೋಗಲಾರದು;
ಹೋಗಿದೆಯೆಂದರೆ, ಹೊಸ್ತಿಲು ಕಾಯುವವರಿಲ್ಲ.
"ಹೋದ ವಾರ ಇದೇ ಬಾಟಲಿ, ಇದೇ ಅಳತೆ.
ಒಂದೂ ಸಾಯಲಿಲ್ಲ" ಅಂದ.
ಅವನ ಕಿವಿಗೂ ಅದೇ ಬಣ್ಣ ಏರಿತ್ತು.

ಬೈಯಲಿಲ್ಲ. ಸ್ಟೂಲು ಎಳೆದು ಕೂರಿಸಿದೆ.
ನೋಡು ಮಗು, ನಾವು ಹೊಲಿದ ಅಂಗಿ
ಕೋಶದ ಕಣ್ಣಿಗೆ ಬೀಳುವುದೇ ಅಪರೂಪ.
ರಕ್ತದ ತಿಳಿಗೆ ಬಿದ್ದದ್ದೇ ತಡ, ಪ್ರೋಟೀನುಗಳು ಮುತ್ತಿಕೊಂಡು
ಮೇಲೊಂದು ಕಂಬಳಿ ಹೊದಿಸಿಬಿಡುತ್ತವೆ. ಆಮೇಲೆ
ಅದು ಧನವೂ ಅಲ್ಲ, ಬೆಳ್ಳಿಯೂ ಅಲ್ಲ,
ಊರಿನವರಲ್ಲೊಬ್ಬ.

ನನಗೆ ಗೊತ್ತು. ನಾನು ನಾರ್ವಾದ ಹೊಳೆದಂಡೆಯವಳು,
ಅಮ್ಮ ನೂಲಿನ ಗಿರಣಿಯವಳು, ಮನೆಮಾತು ರಷ್ಯನ್.
ಗಂಡನ ಮನೆತನದ ಹೆಸರು ಕುಲ್ದ್‌ಕೆಪ್ ಹೊದ್ದುಕೊಂಡ ದಿನದಿಂದ
ಅಂಚೆ ಕಚೇರಿಯವಳು ನನ್ನ ಕಾಗದ ನೋಡಿ ನಗುತ್ತಾಳೆ,
ನಾನು ಬಾಯಿ ತೆರೆಯುವವರೆಗೆ.

ಮತ್ತೆ ಸೀರಮ್ ಹಾಕಿ ಮತ್ತೆ ಮಾಡಿದೆವು.
ಶನಿವಾರ ಎಲ್ಲವೂ ಬದುಕಿದ್ದವು. ತಾವೆತ್ ಶಿಳ್ಳೆ ಹಾಕುತ್ತ ಮನೆಗೆ ಹೋದ.
ಅಲ್ಲಿಗೆ ತಟ್ಟೆಯನ್ನು ಎಸೆದಿದ್ದರೆ ಒಳ್ಳೆಯ ಕತೆ.
ನಾನು ಎಸೆಯಲಿಲ್ಲ.

ಊರಿನವನೆಂದು ಕೋಶ ಅದನ್ನು ಹೊಟ್ಟೆಗೆ ಹಾಕಿಕೊಂಡಿತ್ತು,
ತಪ್ಪನ್ನು ಹಾಕಿಕೊಳ್ಳುವ ಹಾಗೆ, ಸದ್ದಿಲ್ಲದೆ.
ಹೊಟ್ಟೆಯೊಳಗೆ ಹುಳಿ.
ಹುಳಿಯಲ್ಲಿ ಕಂಬಳಿ ಕರಗಿತು, ಅಂಗಿಯ ಗುಂಡಿ ಬಿಚ್ಚಿತು,
ಬೆಳ್ಳಿ ಅಯಾನು ಅಯಾನಾಗಿ ಎದ್ದು ಓಡಾಡಿತು.
ಭಾನುವಾರ ಮಧ್ಯಾಹ್ನ ಒಂದು ಕೆಂಪು ಚುಕ್ಕಿ.
ಕತ್ತಲಾಗುವ ಹೊತ್ತಿಗೆ ಏಳು.
ಆಮೇಲೆ ಎಣಿಸುವುದು ಬಿಟ್ಟೆ.

ಸುಟ್ಟಗಾಯಕ್ಕೆ ಪಟ್ಟಿ ಮಾಡುವ ಕಂಪನಿಯವರು
ಕಳಿಸಿದ ಕಾಗದದಲ್ಲಿ ಇದ್ದದ್ದು ಒಂದೇ ಪ್ರಶ್ನೆ:
ನಂಜೇ? ಹೌದು, ಇಲ್ಲ. ಎರಡು ಚೌಕ.
ಪೆನ್ಸಿಲು ಕಚ್ಚಿಕೊಂಡು ಬಹಳ ಹೊತ್ತು ಕೂತಿದ್ದೆ.
ಕೊನೆಗೆ ಅಂಚಿನಲ್ಲಿ ಸಣ್ಣಗೆ ಬರೆದೆ:
ಯಾವ ಅಂಗಿಯಲ್ಲಿ? ಯಾರ ರಕ್ತದಲ್ಲಿ? ಎಷ್ಟನೆಯ ದಿನ?
ಅಳಿಸಿಬಿಡುತ್ತಾರೆ, ಗೊತ್ತು.

ಸೋಮವಾರ ತಾವೆತ್ ಬರುವ ಮುಂಚೆ
ಬೇರೆ ಡಬ್ಬಿಯಲ್ಲಿದ್ದ, ಬೆಳ್ಳಿ ಕಾಣದ ಕೋಶಗಳಿಗೆ
ಬೆಚ್ಚಗೆ ಮಾಡಿ ಊಟ ಹಾಕಿದೆ.
ಉಂಡವು.